ಕರಿಕೆಗೆ ಬಿಟ್ಟ ನೀರು

"ಕರದಾಗ ಬರಾಕ ನೀರೇನು ನಮ್ಮ ಮನಿ ಆಳೇನು?"

ಶಿವರುದ್ರಪ್ಪ ಇದನ್ನು ಯಾರನ್ನೂ ಕೇಳಲಿಲ್ಲ. ಕಾಲುವೆಯ ತೂಬಿನ ಬಾಯಲ್ಲಿ ಬಿರಿದು ಹೆಂಚಿನಂತಾಗಿದ್ದ ಕೆಸರನ್ನು ನೋಡುತ್ತ ಕೇಳಿದ. ಹಿಂದೆ ಗುದ್ದಲಿ ಹೆಗಲ ಮೇಲಿಟ್ಟುಕೊಂಡು ನಿಂತಿದ್ದ ಆಳು ಗೂಳಪ್ಪ ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ. ಯಜಮಾನ ಮಣ್ಣಿನ ಕೂಡ ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂದು ಅವನು ಎಂದೋ ಕಲಿತಿದ್ದ.

ದೊಡ್ಡ ಲಡಾಯಿ ಎರಡನೆಯ ಸಲ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಆ ವರ್ಷ ಮೃಗದ ಮಳೆ ಬಂತೆಂದರು, ಆರಿದ್ರೆ ಬಂತೆಂದರು. ಬಂದದ್ದು ಗಾಳಿ, ಬಿದ್ದದ್ದು ಧೂಳು. ಪಂಢರಾಪುರಕ್ಕೆ ಹೊರಟ ಪಾಲಕಿ ಪುಣೆ ದಾಟುವಾಗ ವಾರಕರಿಗಳ ತಲೆಯ ಮೇಲೆ ಒಂದು ಸೋನೆಯಾದರೂ ಸುರಿಯದೆ ಇರದು ಎಂದು ಊರಿಗೆ ಊರೇ ನಂಬಿತ್ತು. ಅದೂ ಸುಳ್ಳಾಯಿತು. ಕುಡಿಯುವುದಕ್ಕಷ್ಟೇ ನೀರು, ತೋಟಗಳಿಗೆ ಹನಿಯೂ ಇಲ್ಲ ಎಂದು ಕಾಲುವೆಯವರು ತೂಬು ಮುಚ್ಚಿದರು.

ಶಿವರುದ್ರಪ್ಪ ಗದಗಿನ ಕಡೆಯ ಎರೆನೆಲದ ಮಗ. ಹರೆಯದಲ್ಲಿ ಪುಣೆಗೆ ಬಂದು, ಕ್ಯಾಂಪಿನ ಬಂಗಲೆಗಳಲ್ಲಿ ಕೊಡ ಹೊತ್ತು, ಕತ್ತರಿ ಹಿಡಿದು, ಮೇಮ್‌ಸಾಹೇಬರ ಬೈಗುಳಕ್ಕೆ ತಲೆಯಾಡಿಸಿ, ಕೊನೆಗೆ ತಾನೇ ನಾಲ್ಕಾಳು ಕಟ್ಟಿಕೊಂಡು ನಿಂತವನು. ನದಿಯ ಈಚೆ ದಂಡೆಗೆ ಹೊಸ ಬಂಗಲೆಗಳು ಏಳುತ್ತಿದ್ದ ಕಾಲ ಅದು. ಮನೆ ಕಟ್ಟಿದವರು ಗಾರೆಯವನನ್ನು ಕಳಿಸಿ ಶಿವರುದ್ರಪ್ಪನನ್ನು ಕರೆಸುತ್ತಿದ್ದರು. ಅವನು ಬಂದು, ನೆಲದ ಏರಿಳಿತ ನೋಡಿ, ಗರಸು ತೆಗೆಸಿ ನದಿಯ ಕರಿಮಣ್ಣು ತುಂಬಿಸಿ, ಇಲ್ಲಿ ನೆರಳು ಅಲ್ಲಿ ಹೂವು ಎಂದು ಕೋಲಿನಿಂದ ಗೆರೆ ಎಳೆದನೆಂದರೆ, ಯಜಮಾನರು ಆ ಗೆರೆಯನ್ನು ದಾಟುತ್ತಿರಲಿಲ್ಲ. "ನಾ ಕೈ ಹಚ್ಚಿದ ಗಿಡ ಸಾಯಬೇಕಂದ್ರ ಮೊದಲ ನನ್ನ ಅಪ್ಪಣಿ ತಗೋಬೇಕು" ಎನ್ನುತ್ತಿದ್ದ. ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದಕ್ಕೆ ನಾಚುವ ಪೈಕಿ ಅಲ್ಲ. ನಾಚಿಕೊಂಡರೆ ಗುತ್ತಿಗೆ ಸಿಗುವುದಿಲ್ಲ ಎಂದು ಅವನ ಮತ.

ಎರಂಡವಣೆಯ ಮಾರ್ತಾಂಡರಾಯರ ತೋಟ ಅವನದೇ ಕೈಕೆಲಸ. ರಾಯರು ಬೆಳಗಾವಿಯ ಕಡೆಯವರು, ವಕೀಲಿಯಲ್ಲಿ ನೆಲೆ ನಿಂತವರು. ಬಂಗಲೆಯ ಮುಂದೆ ನುಣ್ಣನೆಯ ಹುಲ್ಲಿನ ಹಾಸು. ಸಂಜೆಗೆ ಅದರ ಮೇಲೆ ಬೆತ್ತದ ಕುರ್ಚಿ ಹಾಕಿಸಿ ಕೋರ್ಟಿನ ಗೆಳೆಯರ ಜತೆ ಕೂರುವುದು ಅವರ ಸುಖ. ಕಾಲುವೆ ನಿಂತ ದಿನ ಶಿವರುದ್ರಪ್ಪ ಬಾವಿಯ ದಂಡೆಯ ಮೇಲೆ ಕುಕ್ಕರಿಸಿ ಒಳಗೆ ಇಣುಕುತ್ತಿದ್ದಾಗ ರಾಯರು ಧೋತರದ ಚುಂಗು ಹಿಡಿದು ಹತ್ತಿರ ಬಂದರು.

"ನನ್ನ ಲಾನಿನ ಗತಿ ಏನಪಾ?"

"ಅರ್ಧಾ ಉಳೀತೈತ್ರಿ, ಅರ್ಧಾ ಹೋಗ್ತೈತ್ರಿ."

"ಗುಲಾಬಿ?"

"ಗುಲಾಬಿ ನಾ ಬಿಡಂಗಿಲ್ಲರಿ. ಅವು ನನ್ನ ಹೆಸರು. ಉಳದ ಇಂಗ್ಲೀಷ ಹೂವಿನ ಕುಂಡ ಎಲ್ಲಾ ಇವತ್ತ ಬಂದ್ ಮಾಡೂಣು. ಬರಗಾಲದಾಗ ಬೀಗರನ್ನ ಕರಿಬಾರದು."

ರಾಯರು ನಕ್ಕರು, ಒಪ್ಪಿದರು. ಶಿವರುದ್ರಪ್ಪ ಮರುದಿನವೇ ಕೆಲಸ ಹಿಡಿದ. ಕಬ್ಬಿನ ಒಣಗರಿಯ ರವದಿಯನ್ನು ಗಾಡಿಯಲ್ಲಿ ತರಿಸಿ ಗಿಡದ ಬುಡಕ್ಕೆಲ್ಲ ಹೊದಿಸಿದ, ಬಿಸಿಲಿಗೆ ನೆಲದ ಮೈ ಕಾಣಬಾರದು ಎಂದು. ಒಂದೊಂದು ಗುಲಾಬಿಯ ಮಗ್ಗುಲಿಗೂ ಕುಂಬಾರನ ಕೆಂಪು ಗಡಿಗೆಯೊಂದನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಮೇಲೆ ಹಂಚಿನ ಬಿಲ್ಲೆ ಮುಚ್ಚಿದ. ಗಡಿಗೆಯ ಮೈಯಿಂದ ನೀರು ತಾನಾಗಿ ಒಸರಬೇಕು, ಬೇರು ತಾನಾಗಿ ಅದನ್ನು ಹುಡುಕಿಕೊಂಡು ಬರಬೇಕು.

ಹುಲ್ಲಿನ ಹಾಸಿನ ನಡುವೆ ಅವನು ಗೆರೆ ಎಳೆಯುತ್ತಿದ್ದಾಗ ರಾಯರ ಅಕ್ಕ ಗೋದಕ್ಕ ಬಂದು ನಿಂತರು. ಕೆಂಪು ಸೀರೆಯ ಮಡಿ ಹೆಂಗಸು, ಮಾತು ಕಡಿಮೆ. ಮನೆಯಲ್ಲಿ ಪುರಾಣ ಓದಿಸಿದಾಗ ಕಂಬಕ್ಕೊರಗಿ ಕೇಳುವುದು, ಕೇಳಿದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಅವರ ರೀತಿ. ಮಾತಾಡಿದರೆ ಮಾತ್ರ ಅದು ತೀರ್ಪಿನ ಹಾಗಿರುತ್ತಿತ್ತು.

"ಶಿವರುದ್ರಪ್ಪ, ಆಷಾಢ ಏಕಾದಶಿಯಿಂದ ನನಗ ದಿನಾ ಕರಿಕಿ ಬೇಕು."

ಚಳಿಗಾಲದಲ್ಲಿ ರಾಯರ ಮಗ ಬಾಳು ವಿಷಮಜ್ವರದಿಂದ ಮಲಗಿ, ಡಾಕ್ಟರು ತಲೆ ಅಲ್ಲಾಡಿಸಿ ಹೋಗಿದ್ದಾಗ, ಗೋದಕ್ಕ ಗಣಪತಿಗೆ ಲಕ್ಷ ಕರಿಕೆಯ ಹರಕೆ ಹೊತ್ತಿದ್ದರು. ಹುಡುಗ ಎದ್ದ, ಈಗ ಗೋಡೆ ಹತ್ತಿ ಇಳಿಯುತ್ತಿದ್ದ. ಹರಕೆ ಉಳಿದಿತ್ತು. ಮೂರೆಸಳಿನ ಎಳೆಯ ಕುಡಿ, ಇಪ್ಪತ್ತೊಂದರ ಕಟ್ಟು, ಕೊಂಡದ್ದಲ್ಲ, ಬೇಡಿದ್ದಲ್ಲ, ತಮ್ಮದೇ ಅಂಗಳದ್ದು. ಅದು ಮುಗಿಯುವವರೆಗೆ ಅವರಿಗೆ ದಿನಕ್ಕೆ ಒಂದೇ ಊಟ.

ರಾಯರು ಲಾನು ಎನ್ನುವ, ಪುಣೆಯ ಮಾಳಿಗಳು ಹರಾಳಿ ಎನ್ನುವ, ಭಟ್ಟರು ದೂರ್ವೆ ಎನ್ನುವ, ಗೋದಕ್ಕ ಕರಿಕೆ ಎನ್ನುವ ಹುಲ್ಲು ಒಂದೇ. ಅದು ಗೊತ್ತಾದದ್ದೇ ಅಕ್ಕತಮ್ಮರಿಬ್ಬರ ನಡುವೆ ಮಾತು ಎದ್ದಿತು.

"ಮಾರ್ತಾಂಡ, ಆ ಹುಲ್ಲಿನ ಮ್ಯಾಲೆ ನಿನ್ನ ಕುರ್ಚಿ ಬ್ಯಾಡ. ಕಾಲು ತುಳದದ್ದು ದೇವರಿಗೆ ನಡಿಯೂದಿಲ್ಲ."

"ಮತ್ತ ಕುರ್ಚಿ ಎಲ್ಲೆ ಇಡ್ಲಿ ಅಕ್ಕಾ, ಬಾವ್ಯಾಗ?"

"ಇಡು. ಬಾವ್ಯಾಗ ನೀರರೆ ಎಲ್ಲದ."

ಶಿವರುದ್ರಪ್ಪ ಕೋಲು ನೆಲಕ್ಕೂರಿ ನ್ಯಾಯ ಹೇಳಿದ. ಹಾಸನ್ನು ಎರಡು ಭಾಗ ಮಾಡುವುದು. ಬಾವಿಯ ಕಡೆಯ ಅರ್ಧ ಅಕ್ಕನದು. ಅದಕ್ಕೆ ಕತ್ತರಿ ಇಲ್ಲ, ಕಾಲು ಇಲ್ಲ, ಬಾವಿಯ ನೀರು. ಬೀದಿಯ ಕಡೆಯ ಅರ್ಧ ತಮ್ಮನದು. ಅದಕ್ಕೆ ಕತ್ತರಿ ಉಂಟು, ಕುರ್ಚಿ ಉಂಟು, ನೀರು ಮಾತ್ರ ಹುಡುಕಬೇಕು. ರಾಯರು ಇಂಥ ತೀರ್ಪು ಕೋರ್ಟಿನಲ್ಲಿ ಬಂದಿದ್ದರೆ ಅಪೀಲು ಹೋಗುತ್ತಿದ್ದೆ ಎಂದರು. ಹೋಗಲಿಲ್ಲ.

ನೀರನ್ನು ಶಿವರುದ್ರಪ್ಪ ಹುಡುಕಿದ್ದು ಬಚ್ಚಲಿನಲ್ಲಿ. ಮನೆ ತುಂಬ ಜನ, ದಿನವೂ ಸ್ನಾನ, ದಿನವೂ ಆ ನೀರು ಮೋರಿಯಿಂದ ಹೊರಬಿದ್ದು ಗಟಾರಕ್ಕೆ ಹೋಗುತ್ತಿತ್ತು. ಮೋರಿಯ ಬಾಯಿಗೆ ಒಂದು ಗುಂಡಿ ತೋಡಿಸಿ, ತಳಕ್ಕೆ ಗುಂಡುಗಲ್ಲು, ಮೇಲೆ ಇದ್ದಿಲು, ಅದರ ಮೇಲೆ ಉಸುಕು ತುಂಬಿಸಿದ. ಮುಂದೆ ಕಾಬಾಳೆಯ ಗೆಡ್ಡೆಗಳನ್ನು ಸಾಲಾಗಿ ನೆಟ್ಟ. ಆ ಗಿಡ ಹೊಲಸು ಕುಡಿದು ತಾನು ಕೊಬ್ಬಿ ನೀರನ್ನು ತಿಳಿಗೊಳಿಸುತ್ತದೆ. ಅಲ್ಲಿಂದ ಒಂದು ಸಣ್ಣ ಕಾಲುವೆ ರಾಯರ ಹುಲ್ಲಿಗೆ. ಎರಡು ಅರ್ಧಗಳ ನಡುವೆ ಜೇಡಿಮಣ್ಣು ತುಳಿಸಿ ಗಟ್ಟಿ ಬದು ಹಾಕಿಸಿದ.

ಗೋದಕ್ಕ ಬಂದು ಬದುವನ್ನು ನೋಡಿದರು. ಬಚ್ಚಲ ಮೋರಿಯನ್ನೂ ನೋಡಿದರು.

"ಆ ನೀರು ಈ ಕಡೆ ಬರೂದಿಲ್ಲಲ್ಲ?"

"ಒಂದು ಹನಿ ಬರಂಗಿಲ್ಲರಿ."

"ಮಾತು ಕೊಟ್ಟಿ?"

"ಕೊಟ್ಟೆ ಅಕ್ಕಾರ."

ಅವರು ಒಳಗೆ ಹೋದರು. ಏಕಾದಶಿಯ ನಸುಕಿನಿಂದ ಬೆತ್ತದ ಬುಟ್ಟಿ ಹಿಡಿದು ಕರಿಕೆ ಆಯುವುದಕ್ಕೆ ಕೂತರು.

ಶ್ರಾವಣ ಬಂತು. ಊರೆಲ್ಲ ಕಂದು, ಮಾರ್ತಾಂಡರಾಯರ ಅಂಗಳವೊಂದು ಹಸಿರು. ಬೀದಿಯಲ್ಲಿ ಹೋಗುವ ಟಾಂಗಾಗಳು ಗೇಟಿನ ಮುಂದೆ ನಿಧಾನ ಮಾಡುತ್ತಿದ್ದವು. ರಾಯರ ಭಾಗ ಚಿಗುರಿದ್ದು ಸರಿ, ಬಚ್ಚಲ ನೀರು ಧಾರಾಳವಿತ್ತು. ಗೋದಕ್ಕನ ಭಾಗವೂ, ದಿನಕ್ಕೆ ನಾಲ್ಕು ಕೊಡ ಬಾವಿನೀರಿನ ಮೇಲೆ, ಅದಕ್ಕಿಂತ ಒಂದು ಕೈ ಮೇಲಾಗಿ ಬೆಳೆದು ನಿಂತಿತು. ಆಯ್ದಷ್ಟೂ ಕುಡಿ ಒಡೆಯುತ್ತಿತ್ತು. ಕಂಡವರಿಗೆಲ್ಲ ಶಿವರುದ್ರಪ್ಪ, "ನೀರು ಎಲ್ಲಾರೂ ಹಾಕ್ತಾರ. ಯಾವಾಗ ಹಾಕಬಾರದು ಅನ್ನೂದು ನನಗ ಗೊತ್ತೈತಿ" ಎನ್ನುತ್ತಿದ್ದ.

ಕೇಳಿದವರಲ್ಲಿ ಹೊಳಬಸಪ್ಪನೂ ಒಬ್ಬ. ಭವಾನಿ ಪೇಠೆಯ ಬೆಲ್ಲದ ಸಾಹುಕಾರ, ಹುಬ್ಬಳ್ಳಿ ಕಡೆಯವನು, ಬಂಡ್ ಗಾರ್ಡನ್ನಿನ ಹತ್ತಿರ ದೊಡ್ಡ ಬಂಗಲೆ ಎಬ್ಬಿಸಿದ್ದ. ಗಡಿಗೆ ಹೂತ ಗುಲಾಬಿಗಳ ಸುತ್ತ ಎರಡು ಸುತ್ತು ಹಾಕಿದ.

"ಶಿವರುದ್ರಪ್ಪಣ್ಣ, ದೀಪಾವಳಿ ಆದಮ್ಯಾಲೆ ಬರ್ತೀನಿ. ಅವಾಗ ಇವು ಹೂ ಹೊತ್ತು ನಿಂತಿರಬೇಕು. ನಿಂತಿದ್ದ್ರ ನನ್ನ ತೋಟ ಹಾಕೂದೂ ನಿಂದ, ಮುಂದ ನೋಡಿಕೊಳ್ಳೂದೂ ನಿಂದ."

"ನಿಂತಿರತಾವ್ರಿ ಸಾವ್ಕಾರ್ರ."

ಆ ಕೆಲಸ ಶಿವರುದ್ರಪ್ಪನಿಗೆ ಬೇಕಾಗಿತ್ತು, ಬರಿ ಹೆಸರಿಗಲ್ಲ. ನೀರಿಲ್ಲದೆ ಬಂಗಲೆಯವರು ಒಬ್ಬೊಬ್ಬರೇ ತೋಟದ ಕೆಲಸ ನಿಲ್ಲಿಸಿದ್ದರು. ಅವನ ಆಳುಗಳಲ್ಲಿ ಇಬ್ಬರು ಆಗಲೇ ಗಂಟು ಕಟ್ಟಿಕೊಂಡು ಊರಿಗೆ ಹೋಗಿದ್ದರು. ಗೂಳಪ್ಪ ಉಳಿದದ್ದು ಯಜಮಾನನ ಮುಖ ನೋಡಿ. ಹೊಳಬಸಪ್ಪನ ತೋಟ ಕೈಗೆ ಬಂದರೆ ಹೋದವರನ್ನೂ ಕರೆಸಬಹುದು, ಬರಗಾಲವನ್ನು ಆಚೆ ದಡಕ್ಕೆ ಮುಟ್ಟಿಸಬಹುದು. ಬಾರದಿದ್ದರೆ ಬೇಸಗೆಯ ಹೊತ್ತಿಗೆ ಅವನೂ ಮತ್ತೊಬ್ಬನ ಕೈಕೆಳಗೆ ಕೊಡ ಹೊರಬೇಕು.

ನಾನಾ ಪೇಠೆಯ ಮನೆಯಲ್ಲಿ ಹೆಂಡತಿ ಕಾಶವ್ವ ರೊಟ್ಟಿ ಬಡಿಯುತ್ತ ಕೇಳಿದಳು, "ಗುಲಾಬಿ ನಿಂತಾವೇನು?"

"ನಿಂತಾವ."

"ದಿನಾ ಅವುನ್ನ ನೋಡ್ತೀರಿ. ನನ್ನ ತೆಲಿಯಾಗೊಂದು ಇಡಬೇಕಂತ ಎಂದಾದ್ರೂ ಅನಿಸೇತೇನು?"

"ನಿನ್ನ ತೆಲಿಗೆ ಇಟ್ಟ್ರ ಸಾವ್ಕಾರ್ರಿಗೆ ಏನ ತೋರಸ್ಲಿ?"

"ನನ್ನ ತೆಲಿ ತೋರಸ್ರಿ" ಎಂದು ಕಾಶವ್ವ ರೊಟ್ಟಿ ತಿರುವಿಹಾಕಿದಳು.

ಆಶ್ವೀಜದಲ್ಲಿ ಒಂದು ಮುಂಜಾನೆ ಶಿವರುದ್ರಪ್ಪ ಎಂದಿನಂತೆ ಹಾಸಿನ ಅಂಚಿಗೆ ಕೂತಿದ್ದ. ಇಬ್ಬನಿ ಇಲ್ಲ, ಬಿಸಿಲು ಇನ್ನೂ ಓರೆ. ಅಂಥ ಬೆಳಕಿನಲ್ಲಿ ಹುಲ್ಲಿನ ಬಣ್ಣ ಸುಳ್ಳು ಹೇಳುವುದಿಲ್ಲ. ಗೋದಕ್ಕನ ಭಾಗವನ್ನು ಆ ತುದಿಯಿಂದ ಈ ತುದಿಗೆ ನೋಡಿದ. ನೋಡುತ್ತ ನೋಡುತ್ತ ಅವನ ಕಣ್ಣು ಒಂದು ಕಡೆ ನಿಂತಿತು.

ಬಾವಿಯ ನೀರು ಬೀಳುತ್ತಿದ್ದದ್ದು ಬಾವಿಯ ಕಡೆಯ ಅಂಚಿಗೆ. ಹಸಿರು ಅಲ್ಲಿ ಹೆಚ್ಚಿರಬೇಕು, ಬದುವಿನ ಕಡೆಗೆ ಬರುಬರುತ್ತ ತಿಳಿಯಾಗಬೇಕು. ಇಲ್ಲಿ ತಿರುವು ಮುರುವಾಗಿತ್ತು. ಬದುವಿಗೆ ಹತ್ತಿದ ಪಟ್ಟಿ ನವಿಲಿನ ಕುತ್ತಿಗೆಯ ಹಾಗೆ ಕಪ್ಪುಹಸಿರು, ಬಾವಿಯ ಕಡೆ ಬಂದಂತೆ ತಿಳಿ. ಹಸಿರು ಬರಬಾರದ ದಿಕ್ಕಿನಿಂದ ಬಂದಿತ್ತು.

ಅವನು ಎದ್ದು ಬದುವಿನ ಈಚೆ ಬದಿಗೆ ಕುರ್ಪಿ ಚುಚ್ಚಿ ಮೊಳದುದ್ದ ಅಗೆದ. ಮೇಲಿನ ಮಣ್ಣು ಒಣಗಿತ್ತು. ಕೆಳಗೆ ಉಸುಕು ಹತ್ತಿತು, ಒದ್ದೆ ಉಸುಕು. ಚಿಟಿಕೆ ತೆಗೆದು ಮೂಗಿಗೆ ಹಿಡಿದ. ಸೀಗೆಕಾಯಿಯ ವಾಸನೆ, ಅದರ ಹಿಂದೆ ಸಾಬೂನಿನ ವಾಸನೆ.

ಆ ಉಸುಕು ಯಾರದೂ ಅಲ್ಲ, ಅವನದೇ. ತೋಟ ಹಾಕಿದ ವರ್ಷ ಧೋ ಎಂದು ಮಳೆ. ಹುಲ್ಲಿನ ಕೆಳಗೆ ನೀರು ನಿಂತು ಬೇರು ಕೊಳೆಯಬಾರದೆಂದು ಹಾಸಿನ ಉದ್ದಗಲಕ್ಕೂ ಉಸುಕಿನ ಪದರ ಹಾಕಿಸಿದ್ದ. ಊರಲ್ಲಿ ಇನ್ನಾರೂ ಅಷ್ಟು ನೇಮದಿಂದ ಹಾಕುತ್ತಿರಲಿಲ್ಲ. ಕೆಲಸ ಒಳ್ಳೆಯದೇ ಆಗಿತ್ತು. ಈಗ ಆ ಒಳ್ಳೆಯ ಕೆಲಸವೇ ಬಚ್ಚಲ ನೀರನ್ನು ಬದುವಿನ ಬುಡದಿಂದ ನುಸುಳಿಸಿ, ಸದ್ದಿಲ್ಲದೆ, ಗೋದಕ್ಕನ ಕರಿಕೆಯ ಬೇರಿಗೆ ಉಣಿಸಿತ್ತು. ಬದುವನ್ನು ಅವನು ಕಣ್ಣಿಗೆ ಕಾಣುವಷ್ಟು ಹಾಕಿದ್ದ. ಬೇರಿಗೆ ಕಾಣುವಷ್ಟು ಹಾಕಿರಲಿಲ್ಲ.

"ನೀ ಮರತದ್ದನ್ನ ನೆಲಾ ಮರೀಲಿಲ್ಲ ನೋಡು" ಎಂದ, ತನಗೇ.

ದೂರದಿಂದ ನೋಡಿದ ಗೂಳಪ್ಪ ಬಂದ. ಅವನೂ ಮೂಸಿದ. "ಅಣ್ಣಾರ, ಹುಲ್ಲಂತೂ ಚಲೋ ಬಂದೈತಲ್ಲರಿ."

"ಅದ ಪೇಚಾಟ ಆಗಿರೂದು."

ತುಸು ಹೊತ್ತಿಗೆ ಮಾರ್ತಾಂಡರಾಯರೂ ಬಂದರು. ಶಿವರುದ್ರಪ್ಪ ಮುಚ್ಚಿಡದೆ ಹೇಳಿದ. ರಾಯರು ಕುರ್ಚಿ ತರಿಸಲಿಲ್ಲ, ನಿಂತೇ ಕೇಳಿದರು. ಕೇಳಿ ಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಅಕ್ಕಗ ಹೇಳಬ್ಯಾಡ."

"ಹೆಂಗರಿ ರಾಯರ?"

"ಹೆಂಗ ಅಂದ್ರ ಹಿಂಗ. ಆಷಾಢದಿಂದ ಒಪ್ಪತ್ತಿನ ಮ್ಯಾಲೆ ಇದ್ದಾಳ. ಮಾರಿ ನೋಡಿಯಲ್ಲ, ಗಲ್ಲ ಒಳಗ ಹೋಗ್ಯಾವ. ಇನ್ನ ಸ್ವಲ್ಪ ದಿನಕ್ಕ ಲಕ್ಷ ಮುಗೀತದ, ಕೂತು ಎರಡು ಹೊತ್ತು ಉಣ್ತಾಳ. ಈಗ ನೀ ಹೋಗಿ ಬಚ್ಚಲದ ಕತಿ ಹೇಳಿದ್ರ ಮತ್ತ ಮೊದಲಿನಿಂದ ಹಚ್ಚತಾಳ. ನನ್ನ ಮಗನ್ನ ಉಳಿಸಿಕೊಳ್ಳಲಿಕ್ಕೆ ಹೋಗಿ ಅಕ್ಕನ್ನ ಕಳಕೊಳ್ಳಲ್ಯಾ?"

ಮಾತು ತೂಕದ್ದಾಗಿತ್ತು. ರಾಯರು ಸುಳ್ಳು ಹೇಳುವ ಆಸೆಗೆ ಹೇಳುತ್ತಿರಲಿಲ್ಲ, ಅಕ್ಕನ ಮೇಲಿನ ಜೀವಕ್ಕೆ ಹೇಳುತ್ತಿದ್ದರು. ಶಿವರುದ್ರಪ್ಪ ಕುರ್ಪಿಯ ಮಣ್ಣು ಕೊಡವಿದ. ತಾನು ದಿನವೂ ಲಿಂಗಕ್ಕೆ ಏರಿಸುವ ಪತ್ರಿಯನ್ನು ಇನ್ನೊಬ್ಬರು ತಂದುಕೊಟ್ಟರೆ ಎಲ್ಲಿಯದೆಂದು ತಾನೂ ಕೇಳುವವನೇ. ಕೇಳಿ, ಅವರು ಹೇಳಿದ್ದನ್ನು ನಂಬಿ, ಕಣ್ಣು ಮುಚ್ಚುವವನೇ.

"ಅವರ ಹೊಟ್ಟಿ ನಿಮ್ಮ ಜವಾಬ್ದಾರಿ ರಾಯರ. ನೀರಿನ ಮಾತು ನಂದು" ಎಂದು ಅವನು ಹಿತ್ತಲ ಕಡೆ ನಡೆದ.

ಗೋದಕ್ಕ ಬುಟ್ಟಿ ತೊಳೆದು ಬಿಸಿಲಿಗೆ ಬೋರಲು ಹಾಕುತ್ತಿದ್ದರು. ಶಿವರುದ್ರಪ್ಪ ಮಡಿಯಿಂದ ನಾಲ್ಕು ಮಾರು ದೂರ ನಿಂತು, ಉಸುಕು, ಬದು, ಮೋರಿ, ಎಲ್ಲವನ್ನೂ ಹೇಳಿದ. ಅವರು ಪುರಾಣ ಕೇಳುವ ಹಾಗೆಯೇ ಕೇಳಿದರು. ಕಣ್ಣು ನೆಲದ ಮೇಲೆ, ಕೈ ಬುಟ್ಟಿಯ ಮೇಲೆ. ಹಿಂದೆ ರಾಯರು ಬಂದು ನಿಂತದ್ದು ಅವರಿಗೆ ಕಂಡಿರಬೇಕು, ತಿರುಗಲಿಲ್ಲ.

"ಯಾವಾಗಿಂದ?"

"ನಾಗರ ಪಂಚಮಿಂದ ಇದ್ದೀತ್ರಿ."

"ಇದ್ದೀತು ಬ್ಯಾಡ."

ಶಿವರುದ್ರಪ್ಪ ದಿನ ಎಣಿಸಿದ. ಪಂಚಮಿಯ ದಿನವೇ ಬದುವಿನ ಪಟ್ಟಿ ಮೊದಲ ಸಲ ಕಪ್ಪೇರಿದ್ದು, ತಾನು ಅದನ್ನು ಗೂಳಪ್ಪನಿಗೆ ತೋರಿಸಿ ಮೀಸೆ ತಿರುವಿದ್ದು ನೆನಪಾಯಿತು. "ಪಂಚಮಿಂದನ ರೀ. ಅದರ ಮೊದಲ ಇಲ್ಲ."

"ಹಂಗಾರ ಪಂಚಮಿ ತನಕದ್ದು ಗಣಪತಿದು. ಮುಂದಿಂದು ಬಚ್ಚಲದ್ದು."

"ಅಕ್ಕಾ" ಎಂದರು ರಾಯರು, "ಭಟ್ಟರನ್ನ ಒಂದು ಮಾತು ಕೇಳೂಣು. ಶಾಸ್ತ್ರದಾಗ ಇದಕ್ಕೂ ಏನರೆ ದಾರಿ ಇರತದ."

"ಭಟ್ಟರು ಹರಕಿ ಹೊತ್ತಿಲ್ಲ, ಮಾರ್ತಾಂಡ."

"ದೇವರು ಬ್ಯಾಡ ಅನ್ನೂದಿಲ್ಲ."

"ದೇವರು ಅನ್ನೂದಿಲ್ಲ. ಅವ ದೊಡ್ಡಾವ. ಮಾತು ಕೊಟ್ಟಾಕಿ ನಾನು." ಅವರು ಶಿವರುದ್ರಪ್ಪನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ. "ನೀ ಮತ್ತ ಬೆಳಸಿ ಕೊಡ್ತೀ?"

"ಕೊಡ್ತೀನಿ ಅಕ್ಕಾರ."

"ಕಾರ್ತಿಕಕ್ಕ ಮುಗೀಲಿಕ್ಕಿಲ್ಲ."

"ಮುಗ್ಯಂಗಿಲ್ಲರಿ. ಆದ್ರ ಬ್ಯಾಸಗಿಗೆ ಮೊದಲ ಮುಗಸ್ತೀನಿ."

"ಆತು. ಮಾರ್ತಾಂಡ, ನಿನ್ನ ಸಲುವಾಗಿ ಸಂಜಿಗೆ ಒಂದು ಲೋಟ ಹಾಲು ಕುಡೀತೀನಿ. ಹಾಲು ಊಟಲ್ಲ." ಬುಟ್ಟಿಯನ್ನು ಸರಿಸಿಟ್ಟು ಒಳಗೆ ಹೋದರು. ರಾಯರು ಶಿವರುದ್ರಪ್ಪನ ಕಡೆ ತಿರುಗಿ, "ಹಾಲಿಗೆ ಒಪ್ಪಿಸಿದ್ದೂ ದೊಡ್ಡದ ಬಿಡು" ಎಂದರು.

ಕೊಡುತ್ತೇನೆ ಎಂದವನು ನೀರನ್ನು ಲೆಕ್ಕ ಹಾಕಿದ್ದು ಆಮೇಲೆ. ಬಾವಿಗೆ ಮೂರು ಬಾಯಿ: ಮನೆ, ಗುಲಾಬಿ, ಕರಿಕೆ. ಹಳೆಯ ಕರಿಕೆ ಬೇರೂರಿದ್ದು, ನಾಲ್ಕು ಕೊಡಕ್ಕೆ ಜೀವ ಹಿಡಿಯುತ್ತಿತ್ತು, ಅದೂ ಬಚ್ಚಲಿನ ಕಳ್ಳ ಬೆಂಬಲದಿಂದ. ಹೊಸದಾಗಿ ಊರಿದ ಬೇರು ಹಸುಗೂಸಿದ್ದ ಹಾಗೆ, ಹೊತ್ತುಹೊತ್ತಿಗೆ ಬೇಕು. ಮನೆಯ ಪಾಲು ಮುಟ್ಟುವ ಹಾಗಿಲ್ಲ. ಉಳಿದದ್ದು ಗುಲಾಬಿ. ಗುಲಾಬಿಗಳು ಮೊಗ್ಗು ಕಟ್ಟುತ್ತಿದ್ದವು. ಸಾಬೂನಿನ ಬಚ್ಚಲ ನೀರು ಅವುಗಳ ಬೇರಿಗೆ ಆಗಿಬರದು.

ಗೂಳಪ್ಪನಿಗೂ ಈ ಲೆಕ್ಕ ಅರ್ಥವಾಯಿತು. "ಅಣ್ಣಾರ, ದೀಪಾವಳಿ ಭಾಳ ದೂರಿಲ್ಲರಿ. ಅಲ್ಲೀತನ ಗುಲಾಬಿಗೆ ಹಾಕೂಣು, ಸಾವ್ಕಾರ್ರು ನೋಡಿ ಹೋಗ್ಲಿ. ಆಮ್ಯಾಗ ಮುದುಕಮ್ಮಾರ ಕರಿಕಿ."

"ಅಲ್ಲೀತನ ಅವರು ಏನ ಏರಸ್ಬೇಕು? ನಾ ಕೊಟ್ಟ ಮಾತ ಏರಸ್ಲೇನು?"

"ಸಾವ್ಕಾರ್ರ ಕೆಲಸ ಹೋತಂದ್ರ..."

"ಹೋತಂದ್ರ ಮತ್ತೊಂದು ಬರ್ತೈತಿ. ಕೈ ನಮ್ಮವು ಅದಾವ. ಗಡಿಗಿ ಕೀಳು."

ಅಂದೇ ಗುಲಾಬಿಯ ಬುಡದ ಗಡಿಗೆಗಳೆಲ್ಲ ಮೇಲೆ ಬಂದವು. ಬಾವಿಯ ಮೇಲ್ಮಗ್ಗುಲಲ್ಲಿ, ಬಚ್ಚಲಿಗಿಂತ ಎತ್ತರದ ಜಾಗದಲ್ಲಿ, ಶಿವರುದ್ರಪ್ಪ ಸೊಂಟದೆತ್ತರ ಕಲ್ಲಿನ ಕಟ್ಟೆ ಕಟ್ಟಿಸಿದ. ಒಳಗೆ ಉಸುಕಿಲ್ಲ, ತಳಕ್ಕೆ ಜೇಡಿ, ಮೇಲೆ ಕರಿಮಣ್ಣು, ನಡುನಡುವೆ ಗಡಿಗೆ. ಗೋದಕ್ಕ ಬಾವಿಯಿಂದ ತಾವೇ ಸೇದಿ ತಾವೇ ಸುರಿಯಬಹುದು, ಬಗ್ಗದೆ ನಿಂತೇ ಕುಡಿ ಚಿವುಟಬಹುದು. ಕರಿಕೆಯ ಬೇರನ್ನು ಅವನು ಅದೇ ಅಂಗಳದಿಂದ ತೆಗೆಯಲಿಲ್ಲ. ಚತುಃಶೃಂಗಿಯ ಗುಡ್ಡದ ಬುಡಕ್ಕೆ ಹೋಗಿ ಬಂಡೆಸಂದಿಯಲ್ಲಿ ನಾರಿನಂತೆ ಸುಟ್ಟ ಬಳ್ಳಿಗಳನ್ನು ಎಬ್ಬಿಸಿ ತಂದ. ಗೂಳಪ್ಪ ಅವನ್ನು ಕೈಯಲ್ಲಿ ಹಿಡಿದು, "ಇವು ಸತ್ತಾವಲ್ಲರಿ" ಎಂದ.

"ಕರಿಕಿ ಸಾಯಂಗಿಲ್ಲೋ. ಮಾರಿ ಮುಚಿಗೊಂಡು ಕುಂತಿರ್ತೈತಿ."

ಹೊಸ ಕಟ್ಟೆ ಹತ್ತು ಹದಿನೈದು ದಿನ ಬರಿ ಮಣ್ಣಾಗಿ ಕೂತಿತ್ತು. ಗೋದಕ್ಕ ದಿನವೂ ಬಂದು ನೀರು ಸುರಿದರು. ಆ ಪಕ್ಕದಲ್ಲಿ ಗುಲಾಬಿಯ ಮೊಗ್ಗುಗಳು ಮೊದಲು ತಲೆ ಬಾಗಿದವು, ಆಮೇಲೆ ಉದುರಿದವು. ಶಿವರುದ್ರಪ್ಪ ಅವನ್ನು ಬುಡದಿಂದ ಗೇಣೆತ್ತರಕ್ಕೆ ಕತ್ತರಿಸಿ, ರವದಿ ಹೊದಿಸಿ, "ಉಳದ್ರ ಉಳೀರಿ. ನಾ ಇದ್ದೀನಿ, ನೀರಿಲ್ಲ" ಎಂದ. ಆ ದಿನ ಅವನು ಗೂಳಪ್ಪನ ಮೇಲೆ ಸುಮ್ಮಸುಮ್ಮನೆ ಎರಡು ಸಲ ರೇಗಿದ. ಮನೆಗೆ ಹೋದಾಗ ಕಾಶವ್ವ ಕೊನೆಗೆ ಉಳಿದಿದ್ದ ಒಂದು ಅರೆಬಿರಿದ ಗುಲಾಬಿಯನ್ನು ಅವನ ಅಂಗಿಯ ಕಿಸೆಯಿಂದ ಇಸಿದುಕೊಂಡು ಮುಡಿಗೆ ಸಿಕ್ಕಿಸಿಕೊಂಡಳು.

ಒಂದು ನಸುಕಿನಲ್ಲಿ ಕಟ್ಟೆಯ ಮೇಲೆ ಸೂಜಿಯ ಮೊನೆಯಂಥ ಹಸಿರು ಎದ್ದಿತ್ತು. ಕಾರ್ತಿಕ ಬಂದಾಗ ಗೋದಕ್ಕನ ಬುಟ್ಟಿಯಲ್ಲಿ ಮತ್ತೆ ಇಪ್ಪತ್ತೊಂದರ ಕಟ್ಟುಗಳು ಬೀಳತೊಡಗಿದವು. ಮೊದಲಿನಷ್ಟು ಅಲ್ಲ. ಆದರೆ ದಿನವೂ.

ಹೊಳಬಸಪ್ಪ ದೀಪಾವಳಿ ಕಳೆದು ಬಂದ. ಉದ್ದ ಕೋಟು, ಜರಿಯ ರುಮಾಲು, ಕೈಯಲ್ಲಿ ಬೆಳ್ಳಿ ಹಿಡಿಯ ಬೆತ್ತ. ನೇರ ಗುಲಾಬಿಯ ಕಡೆ ನಡೆದು, ಗೇಣುದ್ದದ ಮೋಟುಗಳನ್ನು ಬೆತ್ತದ ತುದಿಯಿಂದ ಮುಟ್ಟಿದ.

"ಎಲ್ಲಿ ಅದಾವು?"

"ಇಲ್ಲೇ ಅದಾವ್ರಿ, ಕೆಳಗ."

"ಒಣಗಿದುವು?"

"ನಾ ಒಣಗಿಸಿದೆ ರೀ. ನೀರು ಬ್ಯಾರೆ ಕಡೆ ಬೇಕಾಗಿತ್ತು."

ಸಾಹುಕಾರ ಅವನ ಮುಖ ನೋಡಿ ಗಟ್ಟಿಯಾಗಿ ನಕ್ಕ. "ಗೊತ್ತೈತಿ. ಗೋದಾಬಾಯಾರ ಕರಿಕಿ ಕತಿ ನಮ್ಮ ಪೇಠೆ ತುಂಬ ಆಗೈತಿ. ಒಂದು ಹನಿ ನೀರಿನ ಸಲುವಾಗಿ ಗುಲಾಬಿ ಬಲಿ ಕೊಟ್ಟ ಮಾಳಿ ಅಂತ. ನನ್ನ ತಾಯಿ ಬಸವಣ್ಣೆವ್ವ ಅಂತೂ, ತೋಟ ಹಾಕಿಸಿದ್ರ ಆ ಶಿವರುದ್ರಪ್ಪನ ಕೈಲೆ ಹಾಕಸು, ಇನ್ನೊಬ್ಬ ಬ್ಯಾಡ ಅಂತ ಕುಂತಾಳ."

ಗೂಳಪ್ಪ ದೂರದಲ್ಲಿ ಗುದ್ದಲಿ ನಿಲ್ಲಿಸಿ ಕಿವಿ ನೆಟ್ಟ. ಹೊಳಬಸಪ್ಪ ರಾಯರ ಹುಲ್ಲಿನ ಹಾಸಿಗೆ ಬಂದು, ಮೋರಿಯಿಂದ ಕಾಬಾಳೆಗೆ, ಕಾಬಾಳೆಯಿಂದ ಹುಲ್ಲಿಗೆ ಕಣ್ಣು ಹಾಯಿಸಿದ. ವ್ಯಾಪಾರಿಯ ಕಣ್ಣು, ಒಮ್ಮೆಗೇ ಎಲ್ಲವನ್ನೂ ಹಿಡಿಯಿತು.

"ಇದು ನನಗ ಬೇಕು. ನಮ್ಮ ಮನ್ಯಾಗ ಎರಡು ಬಚ್ಚಲ, ಊರ ಜನ. ಇಡೀ ತೋಟ ಇದರ ಮ್ಯಾಗ ಎಬ್ಬಸು. ಹುಲ್ಲು, ಕಣಗಿಲಿ, ಮಲ್ಲಿಗಿ, ಪತ್ರಿ, ಎಲ್ಲಾ. ನಿನ್ನ ಆಳುಗೋಳನ್ನ ಊರಿಂದ ಕರಸಿಕೊ. ನಾಳಿಂದ ಕೆಲಸಾ ಹಿಡಿ."

"ಹಿಡೀತೀನ್ರಿ ಸಾವ್ಕಾರ್ರ. ಅವ್ವಾರ ಪೂಜಿಗೆ ಹೂವು ಪತ್ರಿ ಬಾವಿ ಕಡೆ ಒಂದು ಕಟ್ಟಿ ಕಟ್ಟಿ ಬ್ಯಾರೆ ಮಾಡೂಣು."

"ಅದ ಆಗೂದಿಲ್ಲ. ಬಾವಿ ನೀರು ಕುಡ್ಯಾಕ ಸಾಲವಲ್ದು. ಎಲ್ಲಾ ಬಚ್ಚಲದ್ದರ ಮ್ಯಾಗ ಆಗಬೇಕು." ಸಾಹುಕಾರ ಬೆತ್ತ ಬಗಲಿಗೆ ಸಿಕ್ಕಿಸಿಕೊಂಡು ಹತ್ತಿರ ಬಂದ. "ಅವ್ವ ಕೇಳ್ತಾಳ. ಪತ್ರಿಗೆ ಯಾವ ನೀರು ಅಂತ ಕೇಳೇ ಕೇಳ್ತಾಳ. ನಾ ಹೇಳಿದ್ರ ನಂಬಂಗಿಲ್ಲ, ಬೆಲ್ಲದಾಗ ಉಸುಕು ಬೆರಸಾಂವ ಅಂತಾಳ ನನಗ. ನೀ ಹೇಳಿದ್ರ ನಂಬ್ತಾಳ. ಬಾವಿ ನೀರವ್ವಾ ಅಂತ ಒಂದ ಮಾತು ಹೇಳು. ಮುದುಕಿ ಸಮಾಧಾನದಿಂದ ಲಿಂಗಕ್ಕ ಏರಿಸ್ತಾಳ. ಯಾರಿಗೆ ಏನ ಹೋತು?"

"ಅವ್ವಾರಿಗೆ ಖರೇ ಹೇಳಿ ನೋಡೂಣ್ರಿ. ಒಪ್ಪಿದ್ರೂ ಒಪ್ಪಿಯಾರು."

"ಒಪ್ಪಂಗಿಲ್ಲ. ನನ್ನ ತಾಯಿ ನನಗ ಗೊತ್ತಿಲ್ಲೇನು? ನೀ ನಮ್ಮವ, ನಮ್ಮ ಕಡ್ಯಾಂವ. ಬ್ಯಾರೆದವರ ಹರಕಿಗೆ ಗುಲಾಬಿ ಕೊಟ್ಟಿ, ನಮ್ಮ ಮನಿ ಮುದುಕಿಗೆ ಒಂದು ಮಾತು ಕೊಡಂಗಿಲ್ಲೇನು? ಇಷ್ಟ ಹೇಳು ಶಿವರುದ್ರಪ್ಪಣ್ಣ, ತೋಟ ನಿಂದು."

ಶಿವರುದ್ರಪ್ಪ ಬಾವಿಯ ಕಡೆ ನೋಡಲಿಲ್ಲ, ಗೂಳಪ್ಪನ ಕಡೆಯೂ ನೋಡಲಿಲ್ಲ. ಸೊಂಟದ ಕತ್ತರಿಯನ್ನು ಸರಿಯಾಗಿ ಸಿಕ್ಕಿಸಿಕೊಂಡು ಸಾಹುಕಾರನ ಮುಖವನ್ನೇ ನೋಡಿದ.

"ಆ ಮಾತು ನಾ ಹೇಳಂಗಿಲ್ಲರಿ" ಎಂದ.